ಆನೆಯ ಹೊಟ್ಟೆಯಿಂದ ಮಣ್ಣು ಉದುರುತ್ತಿದೆ, ನಾನು ಮೋಸ ಹೋದೆನಾ?

ಪ್ರಶ್ನೆ: ಸರ್, ಹೋದ ತಿಂಗಳು ಮೈಸೂರಿನ ಒಂದು ಕರಕುಶಲ ಮೇಳದಲ್ಲಿ ಬಸ್ತರ್ ಕಡೆಯ ಢೋಕ್ರಾ ಎರಕದ ಹಿತ್ತಾಳೆ ಆನೆ ಕೊಂಡೆ. ಎತ್ತರ ಸುಮಾರು 12 ಸೆಂಟಿಮೀಟರ್, ತೂಕ ಒಂದೂಕಾಲು ಕೆಜಿ, ಕೊಟ್ಟ ದುಡ್ಡು 2,400 ರೂಪಾಯಿ. ಮೈತುಂಬ ದಾರ ಸುತ್ತಿದ ಹಾಗೆ ಗೆರೆಗಳಿವೆ. ಹೊಟ್ಟೆಯ ಕೆಳಗೆ ಒಂದು ತೂತಿದೆ, ಅದರಿಂದ ಕಪ್ಪು ಮಣ್ಣು ಶೋಕೇಸ್ ತುಂಬ ಉದುರುತ್ತದೆ. ಬೆನ್ನ ಮೇಲೆ ಅವರೆಕಾಳಿನಷ್ಟು ಜಾಗದಲ್ಲಿ ಲೋಹವೇ ಇಲ್ಲ. ನನ್ನ ಮೈದುನ "ಇದು ಗುಜರಿ ಹಿತ್ತಾಳೆ, ತೂಕ ಬರಲಿ ಅಂತ ಒಳಗೆ ಮಣ್ಣು ತುಂಬಿದ್ದಾರೆ" ಎನ್ನುತ್ತಾನೆ. ಅತ್ತೆ "ದೀಪಾವಳಿಗೆ ಹುಣಸೆಹಣ್ಣು ಹಾಕಿ ಬೆಳಗು, ಹೊಳೆಯುತ್ತದೆ" ಎನ್ನುತ್ತಾರೆ. ನಮ್ಮ ನಾಗಮಂಗಲದ ವಿಗ್ರಹಗಳು ಎಷ್ಟು ನುಣುಪಾಗಿರುತ್ತವೆ, ಇದು ಯಾಕೆ ಹೀಗಿದೆ? ನಾನು ಮೋಸ ಹೋದೆನಾ? ಮೂರು ಫೋಟೋ ಕಳಿಸಿದ್ದೇನೆ. (ಮಂಡ್ಯದ ಓದುಗರು)

ಉತ್ತರ:

ಹುಣಸೆಹಣ್ಣು ಆಗಲೇ ನೆನೆಹಾಕಿದ್ದರೆ ಸಾರಿಗೆ ಬಳಸಿಕೊಳ್ಳಿ. ಆನೆಗೆ ದಯವಿಟ್ಟು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀವು ಮೋಸ ಹೋಗಿಲ್ಲ. ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನಿಧಾನವಾಗಿ ನೋಡಿದೆ. ನಿಮ್ಮ ಮೈದುನ ಯಾವ ಮಣ್ಣನ್ನು ಮೋಸಕ್ಕೆ ಸಾಕ್ಷಿ ಅಂತ ತೋರಿಸುತ್ತಿದ್ದಾರೋ, ಇದು ಕೈಯಲ್ಲೇ ಮಾಡಿದ ಆನೆ ಅಂತ ನನಗೆ ನಂಬಿಕೆ ಬಂದದ್ದು ಅದೇ ಮಣ್ಣಿನಿಂದ. ಅದು ಒಳಗೆ ಹೇಗೆ ಬಂತು ಅಂತ ತಿಳಿದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಮಣ್ಣನ್ನು ಯಾರೂ ಆಮೇಲೆ ತುಂಬಿದ್ದಲ್ಲ. ಮೊದಲು ಇದ್ದದ್ದೇ ಮಣ್ಣು. ನಿಮ್ಮ ಆನೆ ಮೊದಲು ಮಣ್ಣಿನ ಆನೆಯಾಗಿ ಹುಟ್ಟಿತು, ಆಮೇಲೆ ಮೇಣದ ಆನೆಯಾಯಿತು, ಕೊನೆಗೆ ಹಿತ್ತಾಳೆಯ ಆನೆಯಾಯಿತು. ಮೇಣ ಹೋಯಿತು. ಮಣ್ಣು ಒಳಗೇ ಉಳಿಯಿತು.

ನಾನು ಬಹಳ ವರ್ಷ ಮೈಸೂರಿನಲ್ಲಿ ಹುಡುಗರಿಗೆ ಲೋಹದ ಎರಕ ಕಲಿಸಿದವನು. ಪುಸ್ತಕದಲ್ಲಿ ಓದಿ ಹೇಳುತ್ತಿದ್ದ ಈ ಕೆಲಸವನ್ನು ಕಣ್ಣಾರೆ ಕಂಡದ್ದು ಛತ್ತೀಸಗಢದ ಕೊಂಡಗಾಂವ್‌ನಲ್ಲಿ. ಬಸ್ತರ್ ಸೀಮೆಯ ಈ ಊರಿನಲ್ಲಿ ಘಡವಾ ಸಮುದಾಯದವರು ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಬಂಗಾಳದ ಬಿಕ್ನಾ, ದರಿಯಾಪುರ, ಒಡಿಶಾದ ಢೆಂಕನಾಲ್ ಜಿಲ್ಲೆಯ ಸದೇಯಿಬರೇಣಿ, ತೆಲಂಗಾಣದ ಆದಿಲಾಬಾದ್ ಕಡೆಯಲ್ಲೂ ಈ ಕಸುಬು ಇದೆ. ಢೋಕ್ರಾ ಅನ್ನುವ ಹೆಸರು ಬಂದದ್ದು ಬಂಗಾಳ, ಒಡಿಶಾ ಕಡೆಯ ಢೋಕ್ರಾ ದಾಮಾರ್ ಎಂಬ ಲೋಹಗಾರ ಜನರಿಂದ. ಒಂದೊಂದು ಕಡೆ ಒಂದೊಂದು ಕೈಗುಣ. ಅದಕ್ಕೇ ಬಸ್ತರಿನದಕ್ಕೆ, ಬಂಗಾಳದ್ದಕ್ಕೆ, ಆದಿಲಾಬಾದಿನದಕ್ಕೆ ಬೇರೆ ಬೇರೆ ಜಿಐ ಗುರುತು, ಅಂದರೆ ಇದು ಇಂಥ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ನಮ್ಮ ಮೈಸೂರು ರೇಷ್ಮೆಗೆ, ವೀಳ್ಯದೆಲೆಗೆ ಸಿಕ್ಕಿದೆಯಲ್ಲ, ಅದೇ ಗುರುತು.

ಅಲ್ಲಿ ನಾನು ಹೋದ ಮನೆಯಲ್ಲಿ ಜಗಲಿಯ ಮೇಲೆ ಏಳೆಂಟು ಮಣ್ಣಿನ ಆನೆಗಳು ಒಣಗುತ್ತಿದ್ದವು. ಮಣ್ಣಿಗೆ ಭತ್ತದ ಹೊಟ್ಟು, ಮರಳು, ಸಗಣಿ ಸೇರಿಸಿ ಚೆನ್ನಾಗಿ ತುಳಿದು ಹದ ಮಾಡಿದ್ದರು. ಹೊಟ್ಟು ಯಾಕೆ ಅಂತ ಕೇಳಿದೆ. ಮಂಡ್ಯದವರಾದ ನಿಮಗೆ ಹೊಟ್ಟು ಅಂದರೆ ಗಿರಣಿಯ ಹಿಂದೆ ಬೆಟ್ಟದ ಹಾಗೆ ಬಿದ್ದಿರುವ ಸಾಮಾನು, ಅಲ್ವಾ. ಇಲ್ಲಿ ಅದಿಲ್ಲದೆ ಕೆಲಸವೇ ನಡೆಯುವುದಿಲ್ಲ. ಬೆಂಕಿಗೆ ಬಿದ್ದಾಗ ಹೊಟ್ಟು ಸುಟ್ಟು ಮಣ್ಣಿನೊಳಗೆ ಸಾವಿರಾರು ಸಣ್ಣ ಸಣ್ಣ ತೂತುಗಳಾಗುತ್ತವೆ. ಕಾದ ಲೋಹ ಒಳಗೆ ನುಗ್ಗಿದಾಗ ಅಲ್ಲಿದ್ದ ಗಾಳಿ, ಹೊಗೆ ಆ ತೂತುಗಳಿಂದ ಹೊರಗೆ ಹೋಗುತ್ತದೆ. ಹೊಟ್ಟಿಲ್ಲದ ಬರೀ ಜೇಡಿಮಣ್ಣಾದರೆ ಹೋಗಲು ದಾರಿಯಿಲ್ಲದೆ ಲೋಹ ಉಕ್ಕಿ ಸಿಡಿಯುತ್ತದೆ.

ನಿಮ್ಮ ಆನೆಯ ಮಣ್ಣು ಕಪ್ಪಾಗಿರುವುದೂ ಇದೇ ಕಾರಣಕ್ಕೆ. ಲೋಹದ ಚಿಪ್ಪಿನೊಳಗೆ ಗಾಳಿ ಆಡುವುದಿಲ್ಲ. ಹೊಟ್ಟು ಪೂರ್ತಿ ಸುಟ್ಟು ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತದೆ. ಉದುರಿದ ಮಣ್ಣನ್ನು ಸ್ವಲ್ಪ ಬೆರಳಲ್ಲಿ ಉಜ್ಜಿ ನೋಡಿ. ಮಸಿ ಹತ್ತಿದ ಹಾಗೆ ಕಪ್ಪು ಅಂಟುತ್ತದೆ. ಭೂತಗನ್ನಡಿ ಇದ್ದರೆ ಹೊಟ್ಟಿನ ಗುರುತೂ ಕಾಣಬಹುದು.

ಇನ್ನು ದಾರದ ಹಾಗಿರುವ ಗೆರೆಗಳು. ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಣ್ಣಿನ ಆನೆ ಒಣಗಿದ ಮೇಲೆ ಅದನ್ನು ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಒಂದು ಹಿಡಿ ಹಸಿರೆಲೆ ತೆಗೆದುಕೊಂಡು ಮೈಗೆಲ್ಲ ತಿಕ್ಕುತ್ತಾರೆ. ಆನೆ ಹಸಿರಾಗುತ್ತದೆ. ಯಾವ ಎಲೆ ಅಂತ ಕೈಗೆ ತೆಗೆದುಕೊಂಡು ಮೂಸಿ ನೋಡಿದೆ. ನಮ್ಮ ಅವರೆ ಎಲೆ! ಅಲ್ಲಿ ಅದಕ್ಕೆ ಸೇಮ್ ಅನ್ನುತ್ತಾರೆ. ಅವರೆಯ ಸೊಗಡು ಗೊತ್ತಿಲ್ಲದ ಮೈಸೂರಿನವರು ಯಾರಿದ್ದಾರೆ? ಎಲೆಯ ರಸ ಹಚ್ಚಿದ ಮೇಲೆ ಮೇಣ ಮಣ್ಣಿಗೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಮೇಣ ಅಂದರೆ ಜೇನುಮೇಣ. ಬೇಕಾದ ಗಟ್ಟಿತನಕ್ಕೆ ಅದರ ಜೊತೆ ಸಾಲ ಮರದ ರಾಳ ಸೇರಿಸುವುದೂ ಉಂಟು. ಬಿಸಿ ಮಾಡಿ ಹದಕ್ಕೆ ತಂದ ಮೇಣವನ್ನು ಒಂದು ಕೊಳವೆಯಲ್ಲಿ ಹಾಕಿ ಒತ್ತಿದರೆ ಇನ್ನೊಂದು ತುದಿಯಿಂದ ಎಳೆ ಎಳೆಯಾಗಿ ಬರುತ್ತದೆ. ಒತ್ತು ಶ್ಯಾವಿಗೆ ಮಾಡುವ ಒರಳು ಇದೆಯಲ್ಲ, ಥೇಟ್ ಅದೇ ಕೆಲಸ. ಶ್ಯಾವಿಗೆಯಂಥ ಆ ಎಳೆಯನ್ನು ಮಣ್ಣಿನ ಆನೆಗೆ ಒಂದರ ಪಕ್ಕ ಒಂದು, ಸಂದಿ ಬಿಡದ ಹಾಗೆ ಸುತ್ತುತ್ತಾ ಹೋಗಬೇಕು. ಆ ಮನೆಯ ಹಿರಿಯ ಹೆಂಗಸು ಎಳೆಯನ್ನು ಎಡಗೈಯ ಬೆರಳುಗಳ ನಡುವೆ ಇಳಿಬಿಟ್ಟು, ಬಲ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಸುತ್ತುತ್ತಿದ್ದರು. ಎಳೆ ಮುಗಿದ ಕಡೆ ಇನ್ನೊಂದರ ತುದಿ ಇಟ್ಟು ಉಗುರಿನಿಂದ ಒಮ್ಮೆ ಅದುಮಿದರು. ಅಷ್ಟೇ. ಕಣ್ಣಿಗೆ ಎರಡು ಪುಟ್ಟ ಉಂಡೆ, ಕಿವಿಗೆ ಒಂದು ಸುರುಳಿ, ಸೊಂಡಿಲ ಮೇಲೆ ಜಡೆಯ ಹಾಗೆ ಹೆಣೆದ ಎರಡು ಎಳೆ. ಆ ಅಲಂಕಾರವೆಲ್ಲ ಮೇಣದಲ್ಲೇ ಮುಗಿಯಬೇಕು, ಲೋಹವಾದ ಮೇಲೆ ತಿದ್ದುವ ಕೆಲಸ ಇಲ್ಲ.

ನಿಮ್ಮ ಎರಡನೇ ಫೋಟೋದಲ್ಲಿ ಬಲಗಡೆ ಹಿಂಗಾಲಿನ ಮೇಲ್ಭಾಗ ನೋಡಿ. ಅಲ್ಲಿ ಒಂದು ಗೆರೆ ನಿಂತು ಅದರ ಪಕ್ಕದಿಂದ ಇನ್ನೊಂದು ಶುರುವಾಗಿದೆ. ನಡುವೆ ಸಣ್ಣ ತಗ್ಗಿದೆ. ಅದು ಉಗುರಿನ ಗುರುತು. ಒಬ್ಬರ ಉಗುರು ಮೇಣಕ್ಕೆ ತಾಗಿದ್ದು ಈಗ ಹಿತ್ತಾಳೆಯಲ್ಲಿ ನಿಂತಿದೆ.

ಎಳೆ ಸುತ್ತಿ ಮುಗಿದ ಮೇಲೆ ಮತ್ತೆ ಮಣ್ಣು. ಮೊದಲ ಪದರ ಬಹಳ ನುಣ್ಣಗಿನ ಮಣ್ಣು, ಇದ್ದಿಲ ಪುಡಿ ಸೇರಿಸಿ ತೆಳುವಾಗಿ ಬಳಿಯುವುದು. ಎಳೆಯ ಗೆರೆಗಳ ನಡುವೆ ಕೂರುವುದು ಇದೇ, ಇದರಲ್ಲಿ ಕಲ್ಲು ಹರಳು ಇದ್ದರೆ ಕೆಲಸ ಕೆಟ್ಟಿತು. ಅದರ ಮೇಲೆ ಹೊಟ್ಟು ಸೇರಿಸಿದ ಒರಟು ಮಣ್ಣು ಎರಡು ಮೂರು ಪದರ. ಮೇಣ ಹೊರಗೆ ಬರಲು, ಲೋಹ ಒಳಗೆ ಹೋಗಲು ದಾರಿ ಬಿಟ್ಟಿರುತ್ತಾರೆ. ಈಗ ನೋಡಲು ಅದೊಂದು ಮಣ್ಣಿನ ಹೆಂಟೆ. ಒಳಗೆ ಆನೆಯಿದೆ ಅಂತ ಮಾಡಿದವರಿಗೆ ಮಾತ್ರ ಗೊತ್ತು.

ಹೊಟ್ಟೆಯ ತೂತಿನ ಗುಟ್ಟು ಇರುವುದು ಇಲ್ಲೇ. ಸ್ವಲ್ಪ ಯೋಚಿಸಿ. ಒಳಗೆ ಮಣ್ಣು, ಹೊರಗೆ ಮಣ್ಣು, ನಡುವೆ ಮೇಣ. ಬೆಂಕಿಗಿಟ್ಟಾಗ ಮೇಣ ಕರಗಿ ಹೋದರೆ ಒಳಗಿನ ಮಣ್ಣಿನ ಆನೆ ಯಾವುದರ ಮೇಲೆ ನಿಲ್ಲಬೇಕು? ಅದು ಜಾರಿ ಒಂದು ಕಡೆಗೆ ಒರಗಿಬಿಟ್ಟರೆ ಆ ಕಡೆ ಲೋಹ ಹೋಗಲು ಜಾಗವೇ ಇರುವುದಿಲ್ಲ. ಅದಕ್ಕೇ ಎಲ್ಲಾದರೂ ಒಂದು ಕಡೆ ಮೇಣ ಬಿಟ್ಟು, ಒಳಮಣ್ಣು ಹೊರಮಣ್ಣು ಒಂದಕ್ಕೊಂದು ಹಿಡಿದುಕೊಳ್ಳುವ ಹಾಗೆ ಮಾಡಿರುತ್ತಾರೆ. ಆನೆಗಾದರೆ ಕಣ್ಣಿಗೆ ಬೀಳದ ಜಾಗ ಹೊಟ್ಟೆಯ ಕೆಳಗೆ. ಅಲ್ಲಿ ಮೇಣ ಇರಲಿಲ್ಲ, ಹಾಗಾಗಿ ಲೋಹವೂ ಬರಲಿಲ್ಲ.

ಆಮೇಲೆ ಬೆಂಕಿ. ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ. ಹಿತ್ತಾಳೆ ಕರಗಲು 900 ಡಿಗ್ರಿ ದಾಟಬೇಕು. ಕೆಲವು ಕಡೆ ಹಿತ್ತಾಳೆಯನ್ನು ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಪಾತ್ರೆಯಲ್ಲಿ, ಬೇರೆಯಾಗಿ ಕರಗಿಸಿ, ಕಾದ ಅಚ್ಚಿಗೆ ಹೊಯ್ಯುತ್ತಾರೆ. ಇನ್ನು ಕೆಲವು ಕಡೆ ಹಿತ್ತಾಳೆ ಚೂರುಗಳನ್ನು ಅಚ್ಚಿನ ಬಾಯಿಯ ಮೇಲೇ ಒಂದು ಮಣ್ಣಿನ ಬಟ್ಟಲಲ್ಲಿಟ್ಟು ಪೂರ್ತಿ ಮುಚ್ಚಿಬಿಡುತ್ತಾರೆ. ಅಚ್ಚು, ಮೂಸೆ ಎರಡೂ ಒಂದೇ. ಒಳಗೆ ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ, ಬೆಂಕಿಯ ಬಣ್ಣ ನೋಡಿಯೇ ತಿಳಿಯಬೇಕು. ಹಿತ್ತಾಳೆಯಲ್ಲಿರುವ ಸತು ಉರಿಯತೊಡಗಿದರೆ ಜ್ವಾಲೆ ಹಸಿರು-ನೀಲಿಗೆ ತಿರುಗುತ್ತದೆ. ಆಗ ಇಕ್ಕಳದಲ್ಲಿ ಹಿಡಿದು ತಲೆಕೆಳಗು ಮಾಡುತ್ತಾರೆ. ಲೋಹ ಮೇಣದ ಜಾಗಕ್ಕೆ ಇಳಿಯುತ್ತದೆ.

ಮೈಸೂರಿಗೆ ಬಂದ ಮೇಲೆ ಇದನ್ನು ನನ್ನ ವಿದ್ಯಾರ್ಥಿಗಳ ಜೊತೆ ಮಾಡಲು ಹೋದೆ. ಜುಲೈ ತಿಂಗಳು, ಮೋಡದ ದಿನಗಳು. ಹೊರಗಿನ ಮಣ್ಣು ಮುಟ್ಟಿದರೆ ಒಣಗಿತ್ತು, ಒಳಗೆ ತೇವ ಇದೆ ಅಂತ ನಾನು ನೋಡಲಿಲ್ಲ. ಲೋಹ ಹೊಯ್ದ ತಕ್ಷಣ ಅಚ್ಚು ಪಟ್ ಅಂತ ಬಿರಿಯಿತು. ಕಾದ ಹಿತ್ತಾಳೆ ನೆಲದ ಮೇಲೆ ಹರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಎರಡು ವಾರದ ಎಳೆ ಕೆಲಸ ಹೋಯಿತು. ಒಂದು ಹುಡುಗಿ ನವಿಲು ಮಾಡಿದ್ದಳು, ಗರಿ ಗರಿಗೂ ಎಳೆ ಕೂರಿಸಿದ್ದಳು. ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಯಾಕೆಂದರೆ ಮೇಣದ ನವಿಲು ಕರಗಿ ಹೋಗಿದೆ, ಅಚ್ಚು ಒಡೆದಿದೆ. ಗೆದ್ದರೂ ಅಷ್ಟೇ, ಅಚ್ಚನ್ನು ಒಡೆದೇ ಆನೆಯನ್ನು ಹೊರತೆಗೆಯಬೇಕು. ಒಂದು ಅಚ್ಚಿಗೆ ಒಂದೇ ಆನೆ. 2,400 ರೂಪಾಯಿ ಜಾಸ್ತಿ ಆಯಿತಾ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ನವಿಲು ನೆನಪಾಗುತ್ತದೆ. ನೀವು ಕೊಟ್ಟದ್ದು ಜಾಸ್ತಿ ಅಲ್ಲ ಅಂತಲೇ ನನ್ನ ಅಭಿಪ್ರಾಯ.

ಬೆನ್ನ ಮೇಲಿನ ಅವರೆಕಾಳಿನಷ್ಟು ಖಾಲಿ ಜಾಗ ಮಾತ್ರ ಉದ್ದೇಶಪಟ್ಟು ಬಿಟ್ಟದ್ದಲ್ಲ. ಅಲ್ಲಿ ಮೇಣ ತೀರ ತೆಳುವಾಗಿರಬೇಕು, ಇಲ್ಲವೇ ಲೋಹ ಅಲ್ಲಿಗೆ ತಲುಪುವ ಮೊದಲೇ ತಣ್ಣಗಾಗಿರಬೇಕು. ಎರಕ ಓಡದೆ ನಿಂತ ಜಾಗ ಅದು. ಇದನ್ನು ಕೊರತೆ ಅಂತ ಕರೆದರೆ ನಾನು ಅಲ್ಲ ಅನ್ನುವುದಿಲ್ಲ. ಆದರೆ ಕಾಲಿನಲ್ಲೋ ಸೊಂಡಿಲ ಬುಡದಲ್ಲೋ ಇದ್ದರೆ ಮುರಿಯುವ ಭಯ, ಬೆನ್ನ ಮೇಲಿದ್ದರೆ ಏನೂ ತೊಂದರೆಯಿಲ್ಲ. ಬೆಸುಗೆ ಹಾಕಿಸಲು ಹೋಗಬೇಡಿ. ಬೆಸುಗೆಯ ಬಿಳಿ ಚುಕ್ಕೆ ಜೀವಮಾನ ಪೂರ್ತಿ ಕಣ್ಣು ಕುಕ್ಕುತ್ತದೆ.

ಗುಜರಿ ಹಿತ್ತಾಳೆ ಅನ್ನುವ ಮಾತಿಗೆ ಬರುತ್ತೇನೆ. ನಿಮ್ಮ ಮೈದುನ ಹೇಳಿದ್ದರಲ್ಲಿ ಇದು ನಿಜ. ಒಡೆದ ಚೆಂಬು, ಹಳೇ ನಲ್ಲಿ, ತೂತು ಬಿದ್ದ ಪಾತ್ರೆ, ಇವೇ ಕುಲುಮೆಗೆ ಹೋಗುವುದು. ಅದು ಇವತ್ತಿನ ಕಥೆಯಲ್ಲ, ಈ ಕಸುಬೇ ಹಳೇ ಲೋಹವನ್ನು ಹೊಸದು ಮಾಡುವ ಕಸುಬು. ಅದಕ್ಕೇ ಒಂದು ಆನೆ ಹಳದಿ, ಪಕ್ಕದ್ದು ಸ್ವಲ್ಪ ಕೆಂಪು. ಆದರೆ ತೂಕ ಬರಲಿ ಅಂತ ಮಣ್ಣು ತುಂಬಿದ್ದಾರೆ ಅನ್ನುವುದು ತಪ್ಪು. ಅಷ್ಟೇ ಗಾತ್ರದ ಆನೆಯನ್ನು ಗಟ್ಟಿ ಹಿತ್ತಾಳೆಯಲ್ಲಿ ಎರೆದರೆ ಹತ್ತಿರ ಹತ್ತಿರ ಮೂರು ಕೆಜಿ ತೂಗುತ್ತಿತ್ತು. ಬೆಲೆಯೂ ಹಾಗೇ ಏರುತ್ತಿತ್ತು. ಮಣ್ಣಿನ ತಿರುಳು ಇರುವುದು ಲೋಹ ಉಳಿಸಲು. ನನ್ನ ಅಂದಾಜಿನಲ್ಲಿ ನಿಮ್ಮ ಆನೆಯಲ್ಲಿ ಮುಕ್ಕಾಲು ಕೆಜಿಗೂ ಸ್ವಲ್ಪ ಮೇಲೆ ಹಿತ್ತಾಳೆ ಇದೆ, ಉಳಿದದ್ದು ಮಣ್ಣು.

ಎಷ್ಟು ಹಿತ್ತಾಳೆ ಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ಮೇಣವನ್ನು ಮೊದಲೇ ತೂಗಿಟ್ಟಿರುತ್ತಾರೆ. ಅದರ ಎಂಟು ಹತ್ತು ಪಟ್ಟು ಹಿತ್ತಾಳೆ. ಈ ಲೆಕ್ಕ ನಮ್ಮ ಕನ್ನಡ ನಾಡಿನಲ್ಲೂ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೇಣದಿಂದ ವಿಗ್ರಹ ಎರೆಯುವ ಕ್ರಮ ಇದೆ. ಬೆಳ್ಳಿಗಾದರೆ ಮೇಣದ 12 ಪಟ್ಟು, ಚಿನ್ನಕ್ಕಾದರೆ 16 ಪಟ್ಟು ಅಂತ ಅಲ್ಲಿ ಹೇಳಿದೆ. ಆ ಕ್ರಮಕ್ಕೆ ಮಧೂಚ್ಛಿಷ್ಟ ವಿಧಾನ ಅಂತ ಹೆಸರು. ಮಧು ಅಂದರೆ ಜೇನು, ಉಚ್ಛಿಷ್ಟ ಅಂದರೆ ಎಂಜಲು. ಜೇನು ತೆಗೆದ ಮೇಲೆ ಉಳಿದ ಎಂಜಲೇ ಮೇಣ. ಈ ಗ್ರಂಥಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಅಂತ ಇನ್ನೊಂದು ಹೆಸರಿದೆ. ಆ ಹೆಸರಿನಲ್ಲಿ 1926ರಲ್ಲಿ ಅಚ್ಚಾದದ್ದು ನಮ್ಮ ಮೈಸೂರಿನಲ್ಲೇ.

ನಾಗಮಂಗಲದ ಆಚಾರ್‌ಗಳ ವಿಗ್ರಹವೂ ಮೇಣದಿಂದಲೇ ಶುರುವಾಗುವ ಎರಕ. ಮೂಲ ಒಂದೇ, ದಾರಿ ಬೇರೆ. ಅಲ್ಲಿ ಪೂಜೆಗೆ ಎರೆಯುವ ಮೂರ್ತಿ ಸಾಮಾನ್ಯವಾಗಿ ಗಟ್ಟಿ. ಮಣ್ಣಿನ ತಿರುಳಿಲ್ಲ, ಮೇಣದ್ದೇ ಪೂರ್ತಿ ಮೂರ್ತಿ. ಅಳತೆಗೆ ತಾಳಮಾನದ ಶಾಸ್ತ್ರ ಇದೆ, ಮುಖ ಇಷ್ಟು, ಎದೆ ಇಷ್ಟು ಅಂತ. ಎರಕ ಹೊಯ್ದ ಮೇಲೆ ಉಳಿ, ಅರ ಹಿಡಿದು ದಿನಗಟ್ಟಲೆ ಕೂರುತ್ತಾರೆ. ಕಣ್ಣು, ಆಭರಣ, ಬಟ್ಟೆಯ ಮಡಿಕೆ ಆಗ ತೀಡಿದ್ದು. ನುಣುಪು ಬರುವುದು ಆ ಕೆಲಸದಿಂದ. ತಮಿಳುನಾಡಿನ ಸ್ವಾಮಿಮಲೆಯದೂ ಇದೇ ದಾರಿ. ಅಲ್ಲಿ ಮೇಣದ ಮೇಲೆ ಬಳಿಯುವ ಮೊದಲ ಮಣ್ಣು ಕಾವೇರಿಯ ವಂಡುಮಣ್ಣು, ನಮ್ಮ ಶ್ರೀರಂಗಪಟ್ಟಣ ದಾಟಿ ಹೋದ ನೀರು ಅಲ್ಲಿ ಬಿಟ್ಟು ಹೋದದ್ದು. ಢೋಕ್ರಾದಲ್ಲಿ ಉಳಿಯ ಕೆಲಸ ಇಲ್ಲ. ಅಚ್ಚು ಒಡೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಮುಗಿಯಿತು. ನುಣುಪು ಮಾಡಿದರೆ ಎಳೆಯೇ ಹೋಗುತ್ತದೆ. ನುಣುಪಿಲ್ಲ ಅಂತ ಬೇಜಾರು ಮಾಡಿಕೊಂಡರೆ ಕೈಮಗ್ಗದ ಸೀರೆಯಲ್ಲಿ ದಾರ ಕಾಣುತ್ತದೆ ಅಂತ ಬೇಜಾರು ಮಾಡಿಕೊಂಡ ಹಾಗೆ.

ಮಾರುವವರು ಢೋಕ್ರಾಗೆ 4,500 ವರ್ಷ ಅನ್ನುತ್ತಾರೆ. 1926ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕ ನರ್ತಕಿಯ ಗೊಂಬೆ ನೆನೆದು ಹಾಗೆ ಹೇಳುವುದು. ಅದು ಹತ್ತೂವರೆ ಸೆಂಟಿಮೀಟರ್ ಎತ್ತರ, ನಿಮ್ಮ ಆನೆಗಿಂತ ಗಿಡ್ಡ. ಅದನ್ನೂ ಮೇಣದ ಕ್ರಮದಲ್ಲೇ ಎರೆದದ್ದು, ಸರಿ. ಆದರೆ ಮೇಣದ ಎರಕ ಎಷ್ಟೋ ದೇಶಗಳಲ್ಲಿ ಇತ್ತು. ಅಲ್ಲಿಂದ ಕೊಂಡಗಾಂವ್‌ವರೆಗೆ ನೇರ ಗೆರೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಇವರ ಕೆಲಸಕ್ಕೆ ಬೆಲೆ ಬರಲು ಆ ಗೊಂಬೆಯ ಹಂಗು ಬೇಕಾಗಿಯೂ ಇಲ್ಲ.

ಮುಂದೆ ಕೊಳ್ಳುವಾಗ ಉಪಯೋಗಕ್ಕೆ ಬರಲಿ ಅಂತ ಎರಡು ಮಾತು. ಒಂದೇ ಅಂಗಡಿಯಲ್ಲಿ ಒಂದೇ ಥರದ ಎರಡು ಆನೆ ಕೈಗೆ ತೆಗೆದುಕೊಂಡು ಅದೇ ಕಾಲಿನ ಅದೇ ಜಾಗ ಹೋಲಿಸಿ. ಎಳೆ ಮುಗಿಯುವ ಜಾಗ, ಉಗುರಿನ ತಗ್ಗು ಎರಡರಲ್ಲೂ ಪಡಿಯಚ್ಚಿನ ಹಾಗೆ ಇದ್ದರೆ, ಅದು ರಬ್ಬರ್ ಅಚ್ಚಿನಲ್ಲಿ ಮೇಣ ತುಂಬಿ ಸಾಲು ಸಾಲಾಗಿ ತೆಗೆದದ್ದು. ಗಾತ್ರಕ್ಕೆ ತಕ್ಕ ತೂಕವಿಲ್ಲದೆ, ಮುಟ್ಟಿದರೆ ಲೋಹದ ತಂಪಿಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆದದ್ದು. ಅಯಸ್ಕಾಂತ ಹಿಡಿದರೆ ಹಿತ್ತಾಳೆ ಅಲ್ಲ, ಆದರೆ ತಕ್ಷಣ ನಕಲಿ ಅನ್ನಬೇಡಿ. ಬಸ್ತರಿನಲ್ಲಿ ಕಬ್ಬಿಣ ಬಡಿದು ಮಾಡುವ ಬೇರೊಂದು ಒಳ್ಳೆಯ ಕಸುಬೂ ಇದೆ. ಬಿಡುವಾದಾಗ ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ಗೆ ಒಮ್ಮೆ ಹೋಗಿ ಬನ್ನಿ. ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣದ ಕೇಂದ್ರ ಅಲ್ಲಿದೆ. ಬುಡಕಟ್ಟು ಜನರ ಕೈಕೆಲಸ ನೋಡುವ ಆಸೆ ಇದ್ದವರಿಗೆ ಮೈಸೂರಿನಲ್ಲಿ ಒಳ್ಳೆಯ ಜಾಗ.

ಈಗ ಹುಣಸೆಹಣ್ಣು. ಅತ್ತೆಯವರ ಮಾತು ಚೆಂಬಿಗೆ, ದೀಪಕ್ಕೆ ಸರಿ. ಅವು ಒಳಗೂ ಹೊರಗೂ ಲೋಹ, ತೊಳೆದು ಒರೆಸಿದರೆ ಒಣಗುತ್ತವೆ. ಆನೆಯ ಒಳಗೆ ಇರುವುದು ತೂತು ತೂತಾದ ಸುಟ್ಟ ಮಣ್ಣು. ಹುಳಿ ನೀರನ್ನು ಅದು ಹತ್ತಿಯ ಹಾಗೆ ಹೀರುತ್ತದೆ. ಹೊರಗಿನದು ಹೊಳೆಯುತ್ತದೆ, ಒಳಗಿನ ಹುಳಿ ತಿಂಗಳಾದರೂ ಹೋಗುವುದಿಲ್ಲ. ಉಪ್ಪು ಸೇರಿಸಿ ಬೆಳಗಿದರಂತೂ ಇನ್ನೂ ಕೆಟ್ಟದ್ದು. ಸ್ವಲ್ಪ ದಿನದಲ್ಲೇ ಎಳೆಗಳ ಸಂದಿಯಲ್ಲಿ ಹಸಿರು ಕಿಲುಬು ಕಾಣಿಸಿಕೊಳ್ಳುತ್ತದೆ. ಅದು ಒಳಗಿಂದ ಬಂದ ಕಿಲುಬು, ಹೊರಗೆ ಎಷ್ಟು ತಿಕ್ಕಿದರೂ ಮತ್ತೆ ಬರುತ್ತದೆ. ಅದೂ ಅಲ್ಲದೆ ಎಳೆಗಳ ನಡುವೆ ಇರುವ ಕಪ್ಪಿನಿಂದಲೇ ಎಳೆಗಳು ಎದ್ದು ಕಾಣುವುದು. ಅದನ್ನು ತೆಗೆದರೆ ಆನೆ ಬೋಳು ಬೋಳಾಗಿ ಕಾಣುತ್ತದೆ.

ಮೆತ್ತನೆಯ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಣ ಧೂಳು ತೆಗೆಯಿರಿ, ಸಾಕು. ವರ್ಷಕ್ಕೆ ಒಮ್ಮೆ, ಬಿಸಿಲಿನ ದಿನ ನೋಡಿ, ಒಂದು ಗಂಟೆ ಬಿಸಿಲಲ್ಲಿಟ್ಟು ಬೆಚ್ಚಗಾದ ಮೇಲೆ ಜೇನುಮೇಣದ ಪಾಲಿಶ್ ಬಟ್ಟೆಯಲ್ಲಿ ಚೂರೇ ಚೂರು ಸವರಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಅಂಟುತ್ತದೆ. ಮಳೆಗಾಲದಲ್ಲಿ ಕಿಟಕಿಯ ಪಕ್ಕ ಇಡಬೇಡಿ.

ಉದುರುವ ಮಣ್ಣು ಕೆಲವು ವಾರದಲ್ಲಿ ತಾನೇ ನಿಲ್ಲುತ್ತದೆ. ಸಡಿಲವಾದದ್ದು ಉದುರುತ್ತದೆ, ಗಟ್ಟಿಯಾದದ್ದು ಉಳಿಯುತ್ತದೆ. ಕಡ್ಡಿ ಹಾಕಿ ಕೆದಕಬೇಡಿ, ಸಿಮೆಂಟು, ಎಂ-ಸೀಲ್ ಹಾಕಿ ಮುಚ್ಚಬೇಡಿ. ಒಳಗೆ ತೇವ ಇದ್ದರೆ ಹೊರಗೆ ಹೋಗಲು ಆ ತೂತೇ ದಾರಿ. ಶೋಕೇಸ್ ಕೊಳೆಯಾಗುತ್ತದೆ ಅನ್ನಿಸಿದರೆ ಕೆಳಗೆ ಒಂದು ತುಂಡು ಹತ್ತಿ ಬಟ್ಟೆ ಹಾಸಿ. ಬಸ್ತರಿನಲ್ಲಿ ದಂತೇಶ್ವರಿ ದೇವಿಯ ದಸರಾ 75 ದಿನ ನಡೆಯುತ್ತದೆ, ನಮ್ಮದು ಹತ್ತೇ ದಿನ. ಬರುವ ದಸರಾಕ್ಕೆ ಗೊಂಬೆ ಕೂರಿಸುವಾಗ ಈ ಆನೆಯನ್ನೂ ಪಟ್ಟದ ಗೊಂಬೆಗಳ ಪಕ್ಕ ಇಡಿ. ದೀಪಾವಳಿಗೆ ಮನೆಯ ಉಳಿದ ಹಿತ್ತಾಳೆ ಸಾಮಾನೆಲ್ಲ ಅತ್ತೆ ಹೇಳಿದ ಹಾಗೆ ಹುಣಸೆಹಣ್ಣಿನಲ್ಲೇ ಬೆಳಗಿ.